ಕಂಕುಳಲ್ಲಿ ಕೂಸು, ಕಣದಲ್ಲಿ ಕಬಡ್ಡಿ

ನಮ್ಮ ಕಡೆ ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸಿನಲ್ಲಿ ಎಲ್ಲರ ಮುಖವೂ ಇರುತ್ತದೆ, ಆಟಗಾರರದ್ದೊಂದನ್ನು ಬಿಟ್ಟು. ಮೇಲೆ ದೇವರು, ದೇವರ ಕೆಳಗೆ ಶಾಸಕರು, ಮಾಜಿ ಶಾಸಕರು, ಮುಂದೆ ಶಾಸಕರಾಗಬೇಕೆಂದಿರುವವರು, ಅವರ ಕೆಳಗೆ ಕಿವಿಗೆ ಮೊಬೈಲ್ ಒತ್ತಿಕೊಂಡು ಯಾರೊಡನೆಯೋ ಭಾರೀ ವಿಷಯ ಮಾತಾಡುತ್ತಿರುವ ಯುವ ಮುಖಂಡರು. ನಡುವೆ ದಪ್ಪಕ್ಷರದಲ್ಲಿ ‘ಹೊನಲು ಬೆಳಕಿನ ಕಬಡ್ಡಿ’, ಕೆಳಗೆ ಬಹುಮಾನದ ಪಟ್ಟಿ. ಈ ಸಲ ಸಂಕ್ರಾಂತಿ ಕಳೆದ ಮೇಲೆ ಹೊಸಹೊಳಲಿನಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ಟಗರಿನ ಫೋಟೋ ಕೂಡ ಇತ್ತು. ಮೊದಲ ಬಹುಮಾನಕ್ಕೆ ನಗದು, ಟ್ರೋಫಿ, ಜೊತೆಗೊಂದು ಬಂಡೂರು ಟಗರು. ಅಷ್ಟು ಮುಖಗಳಲ್ಲಿ ನೋಡುವಂತಿದ್ದದ್ದು ಅದೊಂದೇ.

ಫ್ಲೆಕ್ಸನ್ನು ನನಗಿಂತ ಮೊದಲು ಓದಿದವಳು ಮಗಳು. ಬೆಂಗಳೂರಿನಿಂದ ಹಬ್ಬಕ್ಕೆ ಬಂದವಳು ಇನ್ನೂ ಹೊರಟಿರಲಿಲ್ಲ. ಕಂಕುಳಲ್ಲಿ ಒಂಬತ್ತು ತಿಂಗಳ ಪುಟ್ಟಿ. ಕಾಲೇಜಿನಲ್ಲಿ ಅವಳು ಕಬಡ್ಡಿ ತಂಡದ ರೈಟ್ ಕಾರ್ನರ್. ರೈಡರ್ ಪಾದ ಸಿಕ್ಕಿದರೆ ಬಿಡುತ್ತಿರಲಿಲ್ಲವಂತೆ. ಆ ವಿದ್ಯೆ ಹಾಳಾಗಿಲ್ಲ. ಡೈಪರ್ ಬದಲಿಸುವಾಗ ಮಗ್ಗುಲಾಗಿ ಪರಾರಿಯಾಗಲು ನೋಡುವ ಪುಟ್ಟಿಯ ಎರಡೂ ಪಾದಗಳನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಪಟ್ಟಿ ಅಂಟಿಸಿ, 30 ಸೆಕೆಂಡಿನೊಳಗೆ ಮುಗಿಸಿ ಏಳುತ್ತಾಳೆ. ಕಬಡ್ಡಿಯಲ್ಲಿ ಒಂದು ರೈಡಿಗೆ ಕೊಡುವುದೂ 30 ಸೆಕೆಂಡೇ.

‘ನಾನು ಮ್ಯಾಚ್‌ಗೆ ಹೋಗ್ಬೇಕು’ ಅಂದಳು.

‘ಹೋಗು. ಮಗೂನ ನಾನು ನೋಡ್ಕೋತೀನಿ’ ಅಂದಳು ನನ್ನ ಹೆಂಡತಿ.

‘ಕತ್ತಲಾದ್ಮೇಲೆ ಅದು ನನ್ನ ಬಿಟ್ಟಿರಲ್ಲ. ಅದೂ ಬರುತ್ತೆ.’

ನಮ್ಮ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು ತೌರಿಗೆ ಬಂದ ಹೆಣ್ಣಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ತೌರಿಗೆ ಬಂದವಳು ಕೂಸು ಎತ್ತಿಕೊಂಡು ಕಬಡ್ಡಿಗೆ ಹೊರಟು ನಿಂತರೆ ತಂದೆಯಾದವನು ಯಾರ ಪಕ್ಷ ವಹಿಸಬೇಕು ಎಂಬುದನ್ನು ಮಾತ್ರ ಎಲ್ಲೂ ಬರೆದ ಹಾಗಿಲ್ಲ. ನಾನು ಪೇಪರ್ ಓದತೊಡಗಿದೆ.

ಹೆಂಡತಿ ಪುರಾಣ ತೆಗೆದಳು. ‘ಮಕ್ಕಳನ್ನ ಅಖಾಡಕ್ಕೆ ಕರೆಸ್ದೋನು ಪ್ರಪಂಚದಲ್ಲಿ ಒಬ್ನೇ. ಕಂಸ. ಏನಾದ?’

ಅವಳ ಪುರಾಣವೆಲ್ಲ ಗೋಡೆಯಿಂದ ಬಂದದ್ದು. ನಮ್ಮೂರ ಲಕ್ಷ್ಮೀನಾರಾಯಣ ದೇವಸ್ಥಾನ ಹೊಯ್ಸಳ ಸೋಮೇಶ್ವರನ ಕಾಲದ್ದು, 1250ರ ಆಸುಪಾಸಿನದು. ಮೂರು ಗರ್ಭಗುಡಿಗಳಲ್ಲಿ ಒಂದು ವೇಣುಗೋಪಾಲನದು. ಹೊರಗೋಡೆಯ ಸುತ್ತ ರಾಮಾಯಣ, ಭಾರತ, ಭಾಗವತದ ಕಥೆಗಳ ಸಾಲು. ಶನಿವಾರ ಪ್ರದಕ್ಷಿಣೆ ಹಾಕುತ್ತಾ ಅವಳು ಅದನ್ನು ಓದುತ್ತಾಳೆ; ನಾನು ಚಪ್ಪಲಿ ಕಾಯುತ್ತೇನೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಭಾಗವತದಲ್ಲಿ ಮಥುರೆಯ ಮಲ್ಲರಂಗಕ್ಕೆ ಕೃಷ್ಣ ಬಲರಾಮರನ್ನು ಇಳಿಸಿದಾಗ ಪ್ರೇಕ್ಷಕರ ಸಾಲಿನ ಹೆಂಗಸರು ಎದ್ದು ಗೊಣಗುತ್ತಾರೆ: ಬೆಟ್ಟದಂಥ ಚಾಣೂರ ಮುಷ್ಟಿಕರೆಲ್ಲಿ, ಈ ಎಳೆಯರೆಲ್ಲಿ, ಇದು ಜೋಡಿಯೇ, ಇದನ್ನು ಕೂತು ನೋಡುವವರಿಗೂ ಪಾಪ ತಟ್ಟುತ್ತದೆ ಎಂದು. ಕ್ರೀಡಾಂಗಣಕ್ಕೆ ಮಕ್ಕಳನ್ನು ತರಬಾರದೆಂಬ ವಾದಕ್ಕೆ ಇಷ್ಟು ಹಳೆಯ ಸಾಕ್ಷಿ ಬೇರೆಲ್ಲಿ ಸಿಕ್ಕೀತು?

‘ಕೊನೇಲಿ ಗೆದ್ದಿದ್ದು ಮಕ್ಕಳೇ ಅಲ್ವೇನಮ್ಮ’ ಅಂದಳು ಮಗಳು. ಆಮೇಲೆ ಮೊಬೈಲ್ ತೆಗೆದು ತನ್ನ ಪುರಾಣ ತೋರಿಸಿದಳು. 2022ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಮೌಂಟ್ ಮಾಂಗನೂಯಿಯಲ್ಲಿ ಮಹಿಳಾ ವಿಶ್ವಕಪ್ ಪಂದ್ಯ. ಪಾಕಿಸ್ತಾನದ ನಾಯಕಿ ಬಿಸ್ಮಾ ಮರೂಫ್ ಆರು ತಿಂಗಳ ಮಗಳು ಫಾತಿಮಾಳನ್ನು ತೊಟ್ಟಿಲ ಸಮೇತ ತಂದಿದ್ದಾಳೆ. ಭಾರತ 107 ರನ್ನುಗಳಿಂದ ಗೆದ್ದಿದೆ. ಗೆದ್ದವರೆಲ್ಲ ಸುತ್ತ ಮುತ್ತಿಕೊಂಡು ಸೋತವರ ಕೂಸನ್ನು ಆಡಿಸುತ್ತಿದ್ದಾರೆ.

ಹೆಂಡತಿ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ‘ಮಗು ಮುದ್ದಾಗೈತೆ. ಆದ್ರೆ ಆಯಮ್ಮ ಹೋಗಿದ್ದು ಆಡಾಕೆ. ನೀನು ಹೋಗೋದು ನೋಡಾಕೆ.’

‘ಆಡೋರಿಗೆ ರಜಾ ಕೊಡ್ತಾರೆ. ನೋಡೋರಿಗೆ ಅದೂ ಇಲ್ಲ’ ಎಂದಳು ಮಗಳು. ಒಂಬತ್ತು ತಿಂಗಳಿಂದ ಅವಳು ನೋಡಿದ್ದೆಲ್ಲ ಆ ಕೂಸಿನ ಎರಡು ತುದಿಗಳನ್ನು ಮಾತ್ರ ಎಂಬುದು ಹೆಂಡತಿಗೂ ಗೊತ್ತು. ಸ್ವಲ್ಪ ಮೆತ್ತಗಾದಳು.

ಅಷ್ಟರಲ್ಲಿ ಅಳಿಯ ಫೋನಿನಲ್ಲಿ ಮೂಗು ತೂರಿಸಿದ: ಕಬಡ್ಡಿ ಯಾಕೆ, ಐಪಿಎಲ್ ಬರಲಿ, ಪಾಪೂನ ಸ್ಟೇಡಿಯಂಗೇ ಕರೆದುಕೊಂಡು ಹೋಗೋಣ. ಚಿನ್ನಸ್ವಾಮಿ ಕ್ರೀಡಾಂಗಣದ ಮೇಲೆ ನಮಗೆ ಅಭಿಮಾನವಿಲ್ಲವೆಂದಲ್ಲ. ಆ ಎಂ. ಚಿನ್ನಸ್ವಾಮಿಯವರು ಮಂಡ್ಯದವರು, ವಕೀಲರು, 1977ರಿಂದ 1980ರವರೆಗೆ ಭಾರತದ ಕ್ರಿಕೆಟ್ ಮಂಡಳಿಗೇ ಅಧ್ಯಕ್ಷರಾಗಿದ್ದವರು. ಸ್ಟೇಡಿಯಮ್ಮು ನಮ್ಮದೇ, ಟಿಕೆಟ್ ಮಾತ್ರ ಸಿಗುವುದಿಲ್ಲ ಎಂಬ ಧಾಟಿಯಲ್ಲಿ ನಾವು ಅದರ ಬಗ್ಗೆ ಮಾತಾಡುತ್ತೇವೆ. ಆದರೆ 2025ರ ಜೂನ್ 4ರಂದು ಅದರ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದ ಮೇಲೆ ನನ್ನ ಹೆಂಡತಿಯ ಮುಂದೆ ಆ ಹೆಸರು ಎತ್ತುವಂತಿಲ್ಲ. ಅಳಿಯ ಎತ್ತಿದ. ‘ಅದಕ್ಕಿಂತ ನಮ್ಮೂರ ಕಬಡ್ಡೀನೇ ವಾಸಿ’ ಅಂದುಬಿಟ್ಟಳು. ಮಗಳು ಇಷ್ಟು ಹೊತ್ತು ವಾದ ಮಾಡಿ ದಕ್ಕಿಸಿಕೊಳ್ಳಲಾಗದ್ದನ್ನು ಅವನು ಒಂದೇ ಮಾತಿನಲ್ಲಿ ಕೊಡಿಸಿದ, ತನಗೇ ತಿಳಿಯದೆ.

ಷರತ್ತುಗಳು ಬಂದವು. ಗ್ಯಾಲರಿ ಹತ್ತಕೂಡದು, ಬೊಂಬು ಪೈಪು ಕಟ್ಟಿ ಎಬ್ಬಿಸಿದ ಗ್ಯಾಲರಿಗಳು ಕುಸಿದ ಸುದ್ದಿ ನಮ್ಮ ಜಿಲ್ಲೆಯ ಪೇಪರುಗಳಲ್ಲಿ ಬಂದದ್ದುಂಟು. ಮೈಕಿನ ಪೆಟ್ಟಿಗೆಯ ಹತ್ತಿರ ಸುಳಿಯಕೂಡದು. ಮಗುವನ್ನು ತಾತ ಎತ್ತಿಕೊಳ್ಳಬೇಕು, ಯಾಕೆಂದರೆ ಮಗಳು ಆಟ ನೋಡುತ್ತಾ ಕೂಸು ಮರೆತಾಳು. ಹತ್ತು ಗಂಟೆಗೆ ಮನೆಯಲ್ಲಿರಬೇಕು. ಹತ್ತರ ಮೇಲೆ ಧ್ವನಿವರ್ಧಕ ನಿಲ್ಲಿಸಬೇಕೆಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ. ಆದರೆ ನಮ್ಮ ಕಡೆ ಹತ್ತು ಗಂಟೆಗೆ ಉದ್ಘಾಟನಾ ಭಾಷಣವೇ ಮುಗಿದಿರುವುದಿಲ್ಲ. ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಕಿವಿಯ ವಿಷಯದಲ್ಲಿ ತಾಯಿಗೂ ಮಗಳಿಗೂ ಒಮ್ಮತವಿತ್ತು, ಮದ್ದಿನಲ್ಲಿ ಭೇದ. ದೊಡ್ಡವರ ಕಿವಿಗೇ 85 ಡೆಸಿಬೆಲ್ ದಾಟಿದ ಸದ್ದು ಗಂಟೆಗಟ್ಟಲೆ ಬಿದ್ದರೆ ಕೇಡು. ಕೂಸಿನ ಕಿವಿಯ ಕೊಳವೆ ಕಿರಿದು, ಅದೇ ಸದ್ದು ಅದರೊಳಗೆ ಇನ್ನೂ ಜೋರಾಗುತ್ತದೆ. ಹೆಂಡತಿ ಹತ್ತಿ ಮತ್ತು ಕುಲಾವಿ ಎಂದಳು. ಮಗಳು ಬೆಂಗಳೂರಿನಿಂದಲೇ ತಂದಿದ್ದ ಗುಲಾಬಿ ಬಣ್ಣದ ದಪ್ಪ ಕಿವಿಮುಚ್ಚಿ ತೆಗೆದಳು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್‌ನ ಮೂರು ತಿಂಗಳ ಮಗ ಬೂಮರ್ ಇಂಥದ್ದೇ ಹಾಕಿಕೊಂಡು ಅಪ್ಪ ಚಿನ್ನ ಗೆಲ್ಲುವಾಗ ಅಮ್ಮನ ತೋಳಲ್ಲಿದ್ದನಂತೆ. ಕಡೆಗೆ ಪುಟ್ಟಿಗೆ ಎರಡೂ ಬಂದವು: ಒಳಗೆ ಹಸಿರು ಕುಲಾವಿ, ಮೇಲೆ ಕಿವಿಮುಚ್ಚಿ, ಕೆನ್ನೆಗೆ ದೃಷ್ಟಿಬೊಟ್ಟು.

ಮೈದಾನದ ಬಾಗಿಲಲ್ಲೇ ಒಬ್ಬರು ತಡೆದರು. ‘ಏನ್ ಸಾರ್, ಮಗೀಗೆ ಹೆಡ್‌ಫೋನ್ ಹಾಕ್ಬುಟ್ಟಿದ್ದೀರಿ? ಯಾವ ಹಾಡು?’

‘ಹಾಡಲ್ಲ, ಸದ್ದು ಕೇಳದೇ ಇರಲಿ ಅಂತ.’

‘ಓ, ಬರೀ ಖಾಲಿ ಹೆಡ್‌ಫೋನಾ’ ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಾಪ ಅನ್ನಿಸಿತೇನೋ, ‘ಒಸಿ ಅಣ್ಣಾವ್ರ ಹಾಡಾದ್ರೂ ಹಾಕಿ ಸಾರ್’ ಅಂದರು. ಮುಂದೆ ಸಿಕ್ಕವರಿಗೆಲ್ಲ ನಾನು ಅಣ್ಣಾವ್ರ ಹಾಡು ಅಂತಲೇ ಹೇಳಿದೆ. ಎಲ್ಲರೂ ಒಪ್ಪಿದರು.

ಮಗಳು ಅಂಕಣದ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ನಾನು ಗ್ಯಾಲರಿಯ ಬುಡದಲ್ಲಿ ಚಾಪೆ ಹಾಸಿದೆ. ಮ್ಯಾಟು, ಫ್ಲಡ್‌ಲೈಟು, ತೊಡೆ ತಟ್ಟುವ ಹುಡುಗರು, ಯಾವುದೂ ಪುಟ್ಟಿಗೆ ಬೇಡವಾಯಿತು. ಗ್ಯಾಲರಿಯ ಕಂಬಕ್ಕೆ ಬಹುಮಾನದ ಟಗರನ್ನು ಕಟ್ಟಿದ್ದರು. ಕುಳ್ಳು ಕಾಲು, ತುಂಬಿದ ಮೈ, ಕೊರಳಲ್ಲಿ ಚೆಂಡುಹೂವಿನ ಹಾರ. ಅದು ಹಾರವನ್ನು ತಾನೇ ಬಗ್ಗಿ ತಿನ್ನಲು ನೋಡುತ್ತಿತ್ತು. ಪುಟ್ಟಿ ಅದನ್ನು ನೋಡುತ್ತಿದ್ದಳು. ಅಂಕಣದ ಕಡೆ ತಿರುಗಿಸಿದರೆ ಅಳು, ಟಗರಿನ ಕಡೆ ತಿರುಗಿಸಿದರೆ ನಗು. ಹೀಗೆ ಕಬಡ್ಡಿಗೆ ಬೆನ್ನು ಹಾಕಿ ಗ್ಯಾಲರಿಗೆ ಮುಖ ಮಾಡಿ ಕೂತವನು ಆ ಮೈದಾನದಲ್ಲಿ ನಾನೊಬ್ಬನೇ.

ಆಟ ತಪ್ಪಿತು ಎಂದು ಬೇಸರವಾಗಲಿಲ್ಲ, ಯಾಕೆಂದರೆ ತಪ್ಪಲಿಲ್ಲ. ಆಟವೆಲ್ಲ ಮುಖಗಳ ಮೇಲೆ ನಡೆಯುತ್ತಿತ್ತು. ಎರಡನೇ ಸಾಲಿನಲ್ಲಿ ಒಬ್ಬಾಕೆ ಮಡಿಲಲ್ಲಿ ಪಾತ್ರೆಯಿಟ್ಟುಕೊಂಡು ನೆನೆದ ಅವರೆಕಾಳು ಹಿತುಕುತ್ತಿದ್ದರು. ಸೊಗಡಿನ ಕಾಲ, ಬೆಳಗ್ಗೆ ಸಾರಾಗಬೇಕು, ಕಬಡ್ಡಿಯೆಂದು ಕೆಲಸ ನಿಲ್ಲುತ್ತದೆಯೇ. ಹೆಬ್ಬೆರಳು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುವುದು, ಸಿಪ್ಪೆ ಸೆರಗಿಗೆ. ರೈಡರ್ ಒಳಗೆ ಹೋದಾಗ ಬೆರಳು ಒಂದೇ ಲಯದಲ್ಲಿ ನಡೆಯುತ್ತಿತ್ತು. ಕೊನೆಯ ಹತ್ತು ಸೆಕೆಂಡಿಗೆ ಬೆರಳು ನಿಲ್ಲುತ್ತಿತ್ತು. ಪಾಯಿಂಟ್ ಬಂದರೆ ನಾಲ್ಕು ಕಾಳು ಒಟ್ಟಿಗೆ ಚಿಮ್ಮುತ್ತಿದ್ದವು. ಹಿಡಿದು ಕೆಡವಿದರೆ ಬೇಳೆ ಸೆರಗಿಗೂ ಸಿಪ್ಪೆ ಪಾತ್ರೆಗೂ ಬೀಳುತ್ತಿತ್ತು. ಸ್ಕೋರ್‌ಬೋರ್ಡ್ ಕೆಟ್ಟಿದ್ದರೂ ನಾನು ಆಕೆಯ ಪಾತ್ರೆ ನೋಡಿ ಸ್ಕೋರು ಹೇಳುತ್ತಿದ್ದೆ. ಮೇಲಿನ ಸಾಲಿನ ಮುದುಕರೊಬ್ಬರು ಹಚ್ಚದ ಬೀಡಿಯನ್ನು ತುಟಿಯಲ್ಲಿಟ್ಟು, ರೈಡರ್ ಜೊತೆಗೆ ತಾವೂ ಉಸಿರು ಕಟ್ಟಿ, ಅವನು ಗೆರೆ ಮುಟ್ಟಿದ ಮೇಲಷ್ಟೇ ಬಿಡುತ್ತಿದ್ದರು. ಆ ವಯಸ್ಸಿಗೆ ಅದು ಬೇಡವಾಗಿತ್ತು.

ಪುಟ್ಟಿಯ ಕಡೆಗೂ ಕಣ್ಣುಗಳು ಹರಿದವು. ‘ಕೊಡಿ ಸಾರ್ ಒಸಿ’ ಎಂದು ಒಬ್ಬರು ಎತ್ತಿಕೊಂಡರು, ಅವರಿಂದ ಇನ್ನೊಬ್ಬರು. ಒಂದು ಸುತ್ತು ಹೋಗಿ ಬರುವ ಹೊತ್ತಿಗೆ ಮಗುವಿನ ಕೈಯಲ್ಲಿ ಬೆಲ್ಲದ ಚೂರಿತ್ತು, ಹಲ್ಲು ಬರುತ್ತಿದೆ ಎಂಬ ಸುದ್ದಿಯಿತ್ತು, ಗ್ರೈಪ್ ವಾಟರ್ ಬೇಡ ಬಜೆ ತೇಯ್ದು ನೆಕ್ಕಿಸಿ ಎಂಬ ಸಲಹೆಯಿತ್ತು. ಬೆಲ್ಲ ಕಸಿದುಕೊಂಡೆ, ಸಲಹೆ ಇಟ್ಟುಕೊಂಡೆ. ಎಲ್ಲರ ಕಡೆಯ ಪ್ರಶ್ನೆ ಒಂದೇ: ‘ತಾಯಿ ಎಲ್ಲಿ?’ ನಾನು ತಿರುಗದೆ ಬೆನ್ನ ಹಿಂದಕ್ಕೆ ಹೆಬ್ಬೆರಳು ತೋರಿಸುತ್ತಿದ್ದೆ. ತಾಯಿಯ ದನಿ ಅಲ್ಲಿಂದ ಚೆನ್ನಾಗಿ ಕೇಳುತ್ತಿತ್ತು.

ನಾಗಮಂಗಲ ಕಡೆಯ ತಂಡಕ್ಕೂ ಪಾಂಡವಪುರ ಕಡೆಯ ತಂಡಕ್ಕೂ ಬಿದ್ದ ಪಂದ್ಯ ಕೊನೆಗೆ ಬಂತು. ಅದೇ ಹೊತ್ತಿಗೆ ದಾನಿಗಳು ಫೋಟೋ ತೆಗೆಸಿಕೊಳ್ಳಬೇಕೆಂದು ಟಗರನ್ನು ಬಿಚ್ಚಿ ವೇದಿಕೆಗೆ ಕರೆದೊಯ್ದರು. ಪುಟ್ಟಿ ಒಂದು ಗಳಿಗೆ ಖಾಲಿ ಕಂಬ ನೋಡಿದಳು. ಆಮೇಲೆ ಬಾಯಿ ತೆಗೆದಳು. ಅಲ್ಲಿಯವರೆಗೆ ಅವಳ ಕಿವಿಯ ಬಗ್ಗೆ ನಾವು ಚಿಂತಿಸಿದ್ದೆವು. ಈಗ ಊರಿನವರು ತಮ್ಮ ಕಿವಿ ಮುಚ್ಚಿಕೊಂಡರು. ಹೆಗಲಿಗೆ ಹಾಕಿದೆ, ಓಲಾಡಿಸಿದೆ, ನಾನೇ ಟಗರಿನಂತೆ ಅರಚಿ ನೋಡಿದೆ. ಅದು ಅವಮಾನವೆನಿಸಿ ಇನ್ನೊಂದು ಸ್ಥಾಯಿ ಏರಿಸಿದಳು.

ಮೈಕು ಹಿಡಿದಿದ್ದ ಪುಣ್ಯಾತ್ಮರು ವಿವರಣೆ ನಿಲ್ಲಿಸಿ ಘೋಷಿಸಿದರು: ‘ಹಸಿರು ಕುಲಾವಿ, ಹೆಡ್‌ಫೋನ್ ಹಾಕಿರುವ ಮಗುವಿನ ತಾಯಿ ಎಲ್ಲಿದ್ದರೂ ವೇದಿಕೆಯ ಹತ್ತಿರ ಬರಬೇಕು. ಮಗು ಅಳುತ್ತಿದೆ. ತಾತನವರ ಕೈಲಿ ಆಗುತ್ತಿಲ್ಲ.’

ತಾಯಿ ಅಂಕಣದ ಗೆರೆಯ ಮೇಲೆ ಅಂಪೈರ್ ಎದುರು ನಿಂತಿದ್ದಳು. ಪಾಂಡವಪುರದ ರೈಡರ್‌ಗೆ ಬೋನಸ್ ಕೊಟ್ಟಿರಲಿಲ್ಲ. ‘ಆರು ಜನ ಇದ್ರು, ಒಂದು ಕಾಲು ಬೋನಸ್ ಗೆರೆ ದಾಟಿತ್ತು, ಇನ್ನೊಂದು ಗಾಳೀಲಿತ್ತು, ಇನ್ನೇನು ಬೇಕು ನಿಮಗೆ?’ ಎಂದು ಅವನ ಮುಂದೆ ತಾನೇ ಒಂಟಿಗಾಲಲ್ಲಿ ನಿಂತು ತೋರಿಸುತ್ತಿದ್ದಳು. ಮೈಕಿನ ಕೂಗು ಕೇಳಿ ತಲೆ ತಿರುಗಿಸಿ, ಇಡೀ ಮೈದಾನಕ್ಕೆ ಕೇಳುವಂತೆ, ‘ಬೋನಸ್ ಕೊಡ್ಲಿ, ಬರ್ತೀನಿ’ ಅಂದಳು. ಗ್ಯಾಲರಿ ಎರಡೂ ಕಡೆಯಿಂದ ಶಿಳ್ಳೆ ಹೊಡೆಯಿತು. ಅವರೆಕಾಳಿನಾಕೆ ಪಾತ್ರೆ ಪಕ್ಕಕ್ಕಿಟ್ಟು ಚಪ್ಪಾಳೆ ತಟ್ಟಿದರು. ಬೋನಸ್ ಬರಲಿಲ್ಲ. ಟಗರು ನಾಗಮಂಗಲದ ಕಡೆಗೆ ಗೂಡ್ಸ್ ಆಟೋ ಹತ್ತಿತು. ಅದರ ಮುಂದಿನ ಭಾನುವಾರ ಹೇಗಿರಬಹುದೆಂದು ಪುಟ್ಟಿಗೆ ಯಾರೂ ಹೇಳಲಿಲ್ಲ.

ಮನೆ ತಲುಪಿದಾಗ ಹತ್ತು ದಾಟಿ ಬಹಳವಾಗಿತ್ತು. ಮೈಕು ಊರಿಗೆಲ್ಲ ಕೇಳಿದ್ದರಿಂದ ನಾವು ಹೇಳುವುದೇನೂ ಉಳಿದಿರಲಿಲ್ಲ. ಹೆಂಡತಿ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

‘ಯಾರ್ಯಾರು ನೋಡುದ್ರು ಮಗೂನ?’

‘ಎರಡು ಗ್ಯಾಲರಿ’ ಅಂದೆ.

ಒಳಗೆ ಹೋಗಿ ಇನ್ನೊಂದು ಹಿಡಿ ಮೆಣಸಿನಕಾಯಿ ತಂದು ನಿವಾಳಿಸತೊಡಗಿದಳು. ‘ನಾಗಮಂಗಲದೋರ ಕಣ್ಣು, ಪಾಂಡವಪುರದೋರ ಕಣ್ಣು, ದಾನಿಗಳ ಕಣ್ಣು, ಮೈಕಿನೋನ ಕಣ್ಣು, ಟಗರಿನ ಕಣ್ಣು, ಅಂಪೈರ್ ಕಣ್ಣು...’

‘ಅಂಪೈರ್‌ದು ಬಿಟ್ಬಿಡಮ್ಮ’ ಅಂದಳು ಮಗಳು. ‘ಅವನಿಗೆ ಕಣ್ಣಿದ್ದಿದ್ರೆ ಆ ಬೋನಸ್ ಕೊಡ್ತಿರ್ಲಿಲ್ವಾ?’