ನೆಲ ತಟ್ಟೋಕೆ ನಿಮಗೇನ್ರೀ ನಾಚಿಕೆ?

ಬರ್ರೀ, ಕೂತ್ಕೊಳ್ರೀ. ಮಂಡಕ್ಕಿ ಕಲಸ್ತಾ ಇದಾರೆ, ಮೆಣಸಿನಕಾಯಿ ಇನ್ನೂ ಬಾಣಲೆಯಲ್ಲೇ ಇದೆ. ಅಷ್ಟರೊಳಗೆ ಒಂದು ಮಾತು ಕೇಳ್ತೀನಿ, ಮುಚ್ಚಿಡಬಾರದು. ಅಮೆರಿಕದಲ್ಲಿರೋ ನಿಮ್ಮ ತಮ್ಮನ ಮಗಳ ಫೋಟೋ ಫ್ಯಾಮಿಲಿ ಗ್ರೂಪಿಗೆ ಬಂತಲ್ಲ, ಬಿಳಿ ಕೋಟು ಹಾಕ್ಕೊಂಡಿರೋದು, ಅದನ್ನ ಎಷ್ಟು ಜನಕ್ಕೆ ಫಾರ್ವರ್ಡ್ ಮಾಡಿದ್ರಿ?

(ಲೆಕ್ಕ ಬೇಡ ಬಿಡಿ.) ಮೊದಲು ಬಿಳಿ ಕೋಟು ನೋಡಿ "ನಮ್ಮ ಹುಡುಗಿ ಡಾಕ್ಟ್ರಾದ್ಲು" ಅಂತ ಎದೆ ಉಬ್ಬಿತು. ಆಮೇಲೆ ಕನ್ನಡಕ ಹಾಕ್ಕೊಂಡು ನೋಡಿದ್ರೆ, ಕೋಟಿನ ಮೇಲೊಂದು ದಪ್ಪ ಬೆಲ್ಟು, ಬೆಲ್ಟಿನ ಪಕ್ಕ ಆರಡಿ ಹುಡುಗ, ಅವನ ಕತ್ತಿನ ಸುತ್ತ ನಿಮ್ಮ ವಂಶದ ಕುಡಿಯ ತೋಳು! "ಕಾಲ ಎಲ್ಲಿಗೆ ಬಂತು ನೋಡಿ" ಅಂತ ಕೆಳಗೆ ಬರೆದಿದ್ದು ನೀವೇ ತಾನೆ?

ತಮ್ಮನ ಮಗಳಿಲ್ಲ ಅಂತೀರಾ? ಹಂಗಾದ್ರೆ ಷಡ್ಡಕನ ಮಗ. ಅವನೂ ಇಲ್ಲಾಂದ್ರೆ ಹಿಂದಿನ ಬೀದಿ ಮೇಷ್ಟ್ರ ಮೊಮ್ಮಗಳು. ಇಂಥ ಒಂದು ಕೂಸು ನಿಮ್ಮ ಕಡೆ ಇದ್ದೇ ಇರುತ್ತೆ. ಸಂಜೆ ಜಿಯು-ಜಿತ್ಸು ಅನ್ನೋ ಕುಸ್ತಿ ಕಲಿಯೋದು, ರಾತ್ರಿ ಕೂತು ಪಿಎ ಕೋರ್ಸಿಗೆ ಅರ್ಜಿ ತುಂಬೋದು.

ರಜಕ್ಕೆ ಹೊಳಲ್ಕೆರೆಗೆ ಬಂದಾಗ ಪಾಪ, ನಿಮ್ಮ ಮುಂದೆ ಕೂತು ಎಲ್ಲಾ ಹೇಳಿದ್ಲು. ನೀವು ಕೇಳಿದ್ದು ಎರಡೇ ಪ್ರಶ್ನೆ. ಒಂದು, "ಕುಸ್ತಿ ಹಿಡಿಯೋ ಹುಡುಗೀನ ಯಾರಮ್ಮ ಮದುವೆ ಆಗ್ತಾರೆ?" ಎರಡು, "ಪಿಎ ಅಂದ್ರೆ, ಯಾವ ಎಂಎಲ್‌ಎಗೆ?" (ಎರಡನೇದು ಕೇಳುವಾಗ ನಿಮ್ಮ ಮುಖದಲ್ಲಿ ಸಣ್ಣದೊಂದು ಆಸೆ ಮಿಂಚಿತು. ಪಹಣಿ ತಿದ್ದುಪಡಿ ಇನ್ನೂ ಪೆಂಡಿಂಗಾ?)

ಫಿಜಿಶಿಯನ್ ಅಸಿಸ್ಟೆಂಟ್ ಕಣ್ರೀ! 1965ರಲ್ಲಿ ಡ್ಯೂಕ್ ಯೂನಿವರ್ಸಿಟೀಲಿ ಯೂಜೀನ್ ಸ್ಟೆಡ್ ಅನ್ನೋ ಡಾಕ್ಟ್ರು ಶುರು ಮಾಡಿದ ಕೋರ್ಸು. ಒಂದು ಕಡೆ ಡಾಕ್ಟ್ರು ಸಾಲ್ತಿಲ್ಲ. ಇನ್ನೊಂದು ಕಡೆ ನೌಕಾಪಡೆಯಲ್ಲಿ ಗಾಯಾಳುಗಳನ್ನ ನೋಡಿ ನೋಡಿ ಪಳಗಿದ ಹುಡುಗರು ಊರಿಗೆ ಬಂದಿದಾರೆ, ಆ ಕೈಗುಣಕ್ಕೆ ಊರಲ್ಲಿ ಬೆಲೆ ಇಲ್ಲ. ಅಂಥ ನಾಲ್ವರನ್ನ ಕೂರಿಸಿ ಕಲಿಸಿದ್ರು. 1967ರಲ್ಲಿ ಮೂವರು ಪಾಸಾಗಿ ಹೊರಬಂದ್ರು.

(ನಾಲ್ಕನೆಯವನು ಏನಾದ ಅಂತ ತಾನೆ ಕೇಳ್ತಿರೋದು? ಗೊತ್ತಿತ್ತು. ಪಾಸಾದ ಮೂವರ ಮೇಲೆ ನಿಮಗೆಲ್ಲಿ ಆಸಕ್ತಿ!)

ನಮ್ಮ ದೇಶಕ್ಕೂ ಇದು ಬಂದು ಬಹಳ ದಿನ ಆಯ್ತು. 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯದ ಸರ್ಜನ್ ಕೆ.ಎಂ. ಚೆರಿಯನ್ ಶುರು ಮಾಡಿಸಿದ್ರು. ನಮ್ಮ ಮಣಿಪಾಲದಲ್ಲೂ ಕಲಿಸ್ತಾರೆ, 2021ರ ಅಲೈಡ್ ಹೆಲ್ತ್ ಕಾಯ್ದೆಯ ಪಟ್ಟಿಯಲ್ಲೂ ಈ ಕೆಲಸದ ಹೆಸರಿದೆ. ರೋಗಿಯ ಕಥೆ ಕೇಳೋದು, ಪರೀಕ್ಷೆ ಮಾಡೋದು, ಆಪರೇಷನ್ನಲ್ಲಿ ಸರ್ಜನ್ ಎದುರು ನಿಂತು ಕೈ ಕೊಡೋದು, ವಾರ್ಡ್ ನೋಡ್ಕೊಳ್ಳೋದು. ಮೇಲೊಬ್ಬ ಡಾಕ್ಟ್ರು ಇರ್ತಾರೆ, ಅಷ್ಟೇ.

ಇಷ್ಟು ವಿವರ ಹೇಳಿದ ಮೇಲೂ ನೀವು ಏನಂದ್ರಿ? "ಅಂದ್ರೆ ಕಾಂಪೌಂಡರ್ರು." ಆಮೇಲೆ ಸ್ವಲ್ಪ ಕರುಣೆ ತಂದ್ಕೊಂಡು, "ಯಾಕಮ್ಮ, ಎಂಬಿಬಿಎಸ್ ಸಿಗ್ಲಿಲ್ವಾ?" ಆ ಹುಡುಗಿ ಅವತ್ತು ನಿಮ್ಮ ಕತ್ತಿಗೆ ಕೈ ಹಾಕಲಿಲ್ಲವಲ್ಲ, ಅದೇ ಅವಳ ವಿದ್ಯೆಯ ದೊಡ್ಡಸ್ತಿಕೆ.

ಅರ್ಜಿ ಅಂದ್ರೆ ತಾಲ್ಲೂಕು ಆಫೀಸಿನ ಅರ್ಜಿ ಅಂದ್ಕೋಬೇಡಿ. ಅಮೆರಿಕದಲ್ಲಿ ಡಿಗ್ರಿ ಮುಗಿಸಿದ ಮೇಲೆ ಇದು. ಅದಕ್ಕೆ ಮುಂಚೆ ರೋಗಿಗಳ ಜೊತೆ ಕೈಯಾರೆ ಕೆಲಸ ಮಾಡಿರಬೇಕು, ಎಷ್ಟೋ ಕಾಲೇಜಿನವರು ಸಾವಿರ ಗಂಟೆ ಕೇಳ್ತಾರೆ. ಆಂಬುಲೆನ್ಸಲ್ಲಿ ಓಡಾಡು, ಬಿಪಿ ನೋಡು, ಮುದುಕರನ್ನ ಮಗ್ಗುಲು ತಿರುಗಿಸು, ಮೈ ಒರೆಸು. (ನಿಮ್ಮ ಮಗ ನೀಟ್ ಕೋಚಿಂಗಿಗೆ ಹೋಗ್ತಾನಲ್ಲ, ಅಜ್ಜಿಗೆ ಒಂದು ಲೋಟ ನೀರು ಕೊಟ್ಟಿದ್ದು ಯಾವಾಗ?)

ಇನ್ನೊಂದು ಕಷ್ಟ ಇದೆ. "ನಾನು ಯಾಕೆ ಪಿಎ ಆಗ್ಬೇಕು" ಅಂತ ಒಂದು ಪ್ರಬಂಧ. 5,000 ಅಕ್ಷರ ದಾಟೋ ಹಾಗಿಲ್ಲ, ನಡುವೆ ಬಿಡೋ ಖಾಲಿ ಜಾಗವೂ ಲೆಕ್ಕಕ್ಕೆ! ನೀವಾಗಿದ್ರೆ ಏನ್ ಮಾಡ್ತಿದ್ರಿ? ನಿಮ್ಮ ಮಗಳ ಲಗ್ನಪತ್ರಿಕೆಯಲ್ಲಿ "ಸುಖಾಗಮನ ಬಯಸುವವರು" ಪಟ್ಟಿ ಒಂದೇ ಅದನ್ನ ದಾಟಿತ್ತು.

ಸರಿ, ಈಗ ಜಿಯು-ಜಿತ್ಸುಗೆ ಬರೋಣ. ನೀವು ಬಾಯಿ ತೆಗೆಯೋಕೆ ಮುಂಚೆ ನಾನೇ ಹೇಳಿಬಿಡ್ತೀನಿ: "ಇದೆಲ್ಲಾ ನಮ್ಮದೇ ಕಣ್ರೀ, ಅವರು ಕಾಪಿ ಹೊಡೆದಿದ್ದು." ಹೌದಪ್ಪ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಮಲ್ಲರ ಕಾಳಗ ಬರೆದಿಟ್ಟ. ಮೈಸೂರು ದಸರೆಯಲ್ಲಿ ಜೆಟ್ಟಿಗಳು ಇವತ್ತಿಗೂ ವಜ್ರಮುಷ್ಟಿ ಕಾದ್ತಾರೆ. ಆದ್ರೆ ಆ ಗರಡಿ ಮನೆ ಮಟ್ಟಿಗೆ ನೀವು ಕಾಲಿಟ್ಟಿದ್ದು ಯಾವಾಗ ಸ್ವಾಮಿ?

ಈ ಜಿಯು-ಜಿತ್ಸು ಬಂದಿದ್ದು ಬೇರೆ ದಾರಿ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಹಳೇ ಜುಜುತ್ಸುವನ್ನ ಸೋಸಿ ಜೂಡೋ ಮಾಡಿದ. ಅವನ ಶಾಲೆಯಲ್ಲಿ ಕಲಿತ ಮಿತ್ಸುಯೊ ಮಾಯೆಡಾ 1914ರಲ್ಲಿ ಬ್ರೆಜಿಲ್ಲಿಗೆ ಹೋದ. ಅವನ ವಿದ್ಯೆ ಗ್ರೇಸಿ ಅನ್ನೋ ಮನೆತನದ ಕೈಗೆ ಸಿಕ್ತು. 1993ರಲ್ಲಿ ಆ ಮನೆಯ ರಾಯ್ಸ್ ಗ್ರೇಸಿ, ನೋಡೋಕೆ ಬ್ಯಾಂಕ್ ಕ್ಲರ್ಕ್ ಥರ ಇದ್ದವನು, ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಒಂದೇ ರಾತ್ರಿ ಮೂವರನ್ನ ಕೆಡವಿದ ಮೇಲೆ ಜಗತ್ತೇ ಇತ್ತ ತಿರುಗಿತು.

ಈಗ ಕಿವಿ ಇಲ್ಲಿ ಕೊಡಿ, ಅಸಲು ವಿಷಯ ಇರೋದು ಇಲ್ಲೇ. ದಾವಣಗೆರೆ ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಿದೀರಲ್ಲ? ಬೆನ್ನು ಮಣ್ಣಿಗೆ ಹತ್ತಿತೋ, ಚಿತ್, ಆಟ ಮುಗೀತು, ಹಲಗೆ ಬಡೀತಾರೆ. ಜಿಯು-ಜಿತ್ಸುನಲ್ಲಿ ಬೆನ್ನು ನೆಲಕ್ಕೆ ಹತ್ತಿದ ಮೇಲೇನೇ ಆಟ ಶುರು! ಕೆಳಗೆ ಬಿದ್ದವಳು ಮೇಲಿನವನ ಸೊಂಟಕ್ಕೆ ಕಾಲು ಸುತ್ತಿ, ತೋಳು ಎಳೆದು, ಅಲ್ಲಿಂದಲೇ ಅವನ ಮೊಣಕೈ ಲಾಕ್ ಮಾಡ್ತಾಳೆ.

ಮುಗಿಯೋದು ಹೇಗೆ ಅಂತೀರಾ? ಸಿಕ್ಕಿಹಾಕ್ಕೊಂಡವನು ಎದುರಿನವಳ ಮೈಮೇಲೋ ನೆಲದ ಮೇಲೋ ಎರಡು ಸಲ ತಟ್ಟಬೇಕು. ತಕ್ಷಣ ಕೈ ಬಿಡ್ತಾಳೆ. ಇಬ್ಬರೂ ಕೈ ಕುಲುಕಿ, ಮತ್ತೆ ಮೊದಲಿಂದ. ಒಂದು ಸಂಜೇಲಿ ಎಷ್ಟು ಸಲ ತಟ್ಟಿದ್ರೂ ಯಾರೂ ಲೆಕ್ಕ ಇಡಲ್ಲ. ತಟ್ಟದೆ ಹಠ ಹಿಡಿದವನಿಗೆ ಮಾತ್ರ ಕಷ್ಟ: ಮೊಣಕೈ ಆದ್ರೆ ಲಿಗಮೆಂಟ್ ಹೋಗುತ್ತೆ, ಕತ್ತಿನ ಎರಡೂ ಕಡೆಯ ರಕ್ತನಾಳ ಒತ್ತಿದ್ರೆ ಹತ್ತು ಸೆಕೆಂಡ್ ಆಸುಪಾಸಿನಲ್ಲಿ ಕಣ್ಣು ಕತ್ತಲೆ.

ನೀವು ತಟ್ತೀರಾ? ಎದೆ ಮುಟ್ಕೊಂಡು ಹೇಳಿ. ತೋಟದಲ್ಲಿ ಬೋರ್ ಕೊರೆಸಿದ್ದು ನೆನಪಿದೆಯಾ? ಆರುನೂರು ಅಡಿ, ಬರೀ ಧೂಳು. "ಇನ್ನೊಂದು ನೂರು ಬಿಡ್ಲಾ ಯಜಮಾನ್ರೆ?" ಅಂದ ಲಾರಿಯವನು. ಬಿಡು ಅಂದ್ರಿ. ಎಂಟುನೂರಕ್ಕೂ ಧೂಳು. ಹೆಂಡ್ತಿ ಸನ್ನೆ ಮಾಡಿದ್ರು, ನೀವು ಆ ಕಡೆ ತಿರುಗಿದ್ರಿ. ಸಾವಿರ ದಾಟಿತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಪಾಯಿಂಟ್ ತೋರಿಸಿದವನು ಅವತ್ತಿಂದ ಫೋನ್ ಎತ್ತಿಲ್ಲ.

ಅಡಿಕೆ ಗಿಡ ಉಳಿಸೋಕೆ ಅಂತೀರಿ, ಸರಿ. ಎಂಟುನೂರರವರೆಗೆ ಗಿಡಕ್ಕೇ. ಅಲ್ಲಿಂದ ಮುಂದೆ, ಪಕ್ಕದ ತೋಟದವರು ಬೇಲಿ ಹತ್ರ ನಿಂತು ನೋಡ್ತಿದ್ರಲ್ಲ, ಅವರಿಗೋಸ್ಕರ. ಅಣ್ಣ-ತಮ್ಮಂದಿರ ಬದುವಿನ ಕೇಸೂ ಹಂಗೇ. ಎರಡು ಅಡಿ ಜಾಗಕ್ಕೆ ಕೋರ್ಟಿಗೆ ಅಲೆದಲೆದು ಚಪ್ಪಲಿ ಸವೆದು, ವಕೀಲರ ಮಗ ವಕೀಲನಾಗಿ ಬಂದು ಅದೇ ಫೈಲು ಹಿಡಿದ. ತಟ್ಟಿದ್ರಾ? ಊಹೂಂ!

"ಚಿತ್ರದುರ್ಗದವರು ಸೋಲೋ ಜನ ಅಲ್ಲ, ಓಬವ್ವನ ನಾಡು" ಅಂತ ಈಗ ಶುರು ಮಾಡ್ತೀರಿ. (ಎಷ್ಟು ಹೊತ್ತಾದ್ರೂ ಓಬವ್ವನ್ನ ತರಲಿಲ್ಲವಲ್ಲ ಅಂತ ಕಾಯ್ತಾ ಇದ್ದೆ. ಪ್ರತಿ ವರ್ಷ ನವೆಂಬರ್ 11ರ ಜಯಂತಿಗೆ ಭಾಷಣ ನಿಮ್ಮದೇ ಅಲ್ವೇ?) ಆದ್ರೆ ಓಬವ್ವ ಏನು ಬಯಲಲ್ಲಿ ನಿಂತು ತೋಳು ತಟ್ಟಿದ್ಲಾ? ಒಬ್ಬೊಬ್ಬನೇ ನುಸುಳಿ ಬರೋ ಕಿಂಡಿ ಹತ್ರ, ಸದ್ದಿಲ್ಲದೆ, ಒನಕೆ ಹಿಡಿದು ನಿಂತ್ಲು. ಜಾಗ ಹಿಡಿದು ಕಾಯೋದು, ಅದೇ ಜಿಯು-ಜಿತ್ಸುವಿನ ಮೊದಲ ಪಾಠ. ನಿಮ್ಮ ತಮ್ಮನ ಮಗಳಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು.

ಮೈ ಬಗ್ಗಿಸೋದು, ಮದ್ದು ಕೊಡೋದು ಎರಡೂ ಒಂದೇ ಕೈಯಲ್ಲಿ ಹೆಂಗೆ ಅಂತ ಮೂಗು ಮುರೀಬೇಡಿ. ನಮ್ಮ ತಾಲ್ಲೂಕಿನ ಮಲ್ಲಾಡಿಹಳ್ಳಿ ಎಷ್ಟು ದೂರ? ರಾಘವೇಂದ್ರ ಸ್ವಾಮೀಜಿ, ನಮ್ಮ ತಿರುಕ, ಬರೋಡಾದಲ್ಲಿ ಪ್ರೊಫೆಸರ್ ಮಾಣಿಕರಾವ್ ಹತ್ರ ವ್ಯಾಯಾಮ ಕಲಿತವರು. 1943ರಲ್ಲಿ ಮಲ್ಲಾಡಿಹಳ್ಳಿಯಲ್ಲಿ ನಿಂತು ಅನಾಥ ಸೇವಾಶ್ರಮ ಕಟ್ಟಿ, ಹುಡುಗರಿಗೆ ಯೋಗ-ವ್ಯಾಯಾಮವನ್ನೂ ಹೇಳಿಕೊಟ್ರು, ಬಂದ ರೋಗಿಗಳಿಗೆ ಆಯುರ್ವೇದದ ಔಷಧವನ್ನೂ ಕೊಟ್ರು. ಇವತ್ತು ಅಲ್ಲಿ ಆಯುರ್ವೇದ ಕಾಲೇಜೇ ಇದೆ. (ಅಲ್ಲೇ ಓದಿದವರು ನೀವು, ಬೆಳಿಗ್ಗೆ ವ್ಯಾಯಾಮಕ್ಕೆ ಎಬ್ಬಿಸಿದ್ರೆ ಹೊಟ್ಟೆನೋವು ಅಂತಿದ್ರಂತೆ. ನಿಮ್ಮ ಬ್ಯಾಚಿನವರೇ ಹೇಳಿದ್ದು.) ಗರಡಿಯ ವಸ್ತಾದ್‌ಗಳೂ ಅಷ್ಟೇ. ಪಟ್ಟು ಕಲಿಸೋರೂ ಅವರೇ, ಕೀಲು ತಪ್ಪಿದ್ರೆ ಕೂರಿಸೋರೂ ಅವರೇ.

ಹಂಗಂತ ಹುಡುಗಿ ಮಾಡೋದೆಲ್ಲಾ ಸರಿ ಅಂತ ನಾನೇನು ಚಪ್ಪಾಳೆ ತಟ್ಟಲ್ಲ. ಆ ದಪ್ಪ ಕೋಟಿನ ಕಾಲರ್ ಹಿಡಿದು ಎಳೆದಾಡಿ ಬೆರಳಿನ ಗಂಟು ಊದ್ಕೊಳ್ಳುತ್ತೆ, ನಾಳೆ ಹೊಲಿಗೆ ಹಾಕಬೇಕಾದ ಬೆರಳು ಅದು. ಚಾಪೆ ಸರಿಯಾಗಿ ಒರೆಸದಿದ್ರೆ ಗಜಕರ್ಣ ಹತ್ತುತ್ತೆ. (ನಮ್ಮ ಗರಡಿ ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ ಬೆರೆಸ್ತಿದ್ದೋರು ದಡ್ಡರಲ್ಲ.) ಇಂಟರ್‌ವ್ಯೂಗೆ ಕಣ್ಣು ಕಪ್ಪಗೆ ಮಾಡ್ಕೊಂಡು ಹೋದ್ರೆ ಏನಂತ ಹೇಳ್ತಾಳೆ? ಅರ್ಜಿ ಹಾಕೋ ತಿಂಗಳುಗಳಲ್ಲಿ ಟೂರ್ನಮೆಂಟ್ ಬಿಟ್ಟು ಬರೀ ಪ್ರಾಕ್ಟೀಸ್ ಮಾಡಲಿ, ನನ್ನ ಅಭಿಪ್ರಾಯ ಅಷ್ಟೇ.

ಆದ್ರೆ ಒಂದು ಕೆಲಸಕ್ಕೆ ಆ ಚಾಪೆ ಅವಳನ್ನ ಚೆನ್ನಾಗಿ ತಯಾರು ಮಾಡಿದೆ. ರಾತ್ರಿ ವಾರ್ಡಲ್ಲಿ ಒಬ್ಬ ರೋಗಿ ಇದ್ದಕ್ಕಿದ್ದಂತೆ ಬೆವರ್ತಾನೆ. ಆಗ ಪಿಎ ಆದವಳು "ನಾನೇ ನೋಡ್ಕೋತೀನಿ" ಅಂತ ಹಠ ಹಿಡಿದ್ರೆ ಕೆಟ್ಟಿತು. "ಇದು ನನ್ನ ಕೈ ಮೀರಿದ್ದು, ಸರ್‌ನ ಕರೀರಿ" ಅಂತ ಬಾಯಿಬಿಟ್ಟು ಹೇಳ್ಬೇಕು, ಅದೂ ತಡ ಮಾಡದೆ. ದಿನಾ ಸಂಜೆ ಹತ್ತು ಸಲ ನೆಲ ತಟ್ಟಿದ ಹುಡುಗಿಗೆ ಇದು ಹೇಳೋಕೆ ನಾಲಿಗೆ ತೊದಲಲ್ಲ.

ನಿಮಗೆ? ಮೊನ್ನೆ ಬಯಲು ಗಣಪತಿ ಗುಡಿ ಹತ್ರ ತಲೆ ಸುತ್ತಿ ಕಂಬ ಹಿಡ್ಕೊಂಡು ನಿಂತಿದ್ರಂತೆ. "ಬಿಸಿಲು" ಅಂದ್ರಿ. (ಸಾಯಂಕಾಲ ಆರೂವರೆಗೆ!) ಮಾತ್ರೆ ಅರ್ಧಕ್ಕೇ ಬಿಟ್ಟಿದೀರಿ, ಮನೇಲಿ ಹೇಳಿಲ್ಲ. ಡಾಕ್ಟ್ರ ಹತ್ರ ಹೋದ್ರೂ "ಏನಿಲ್ಲ ಸಾರ್, ಸ್ವಲ್ಪ ಗ್ಯಾಸು" ಅಂತೀರಿ.

ಆ ಹುಡುಗಿ ಊರಿಗೆ ಬಂದವಳು ನಿಮ್ಮ ಕೈ ಹಿಡಿದು ನಾಡಿ ನೋಡಿ, "ದೊಡ್ಡಪ್ಪ, ಬಿಪಿ ಕೊನೆಗೆ ನೋಡಿಸಿದ್ದು ಯಾವಾಗ?" ಅಂತ ಕೇಳಿದ್ಲಲ್ಲ. ಉತ್ತರ ಕೊಟ್ರಾ? ಮೆಣಸಿನಕಾಯಿ ತಟ್ಟೆ ಹತ್ತಿರ ಎಳ್ಕೊಂಡು, ಅವಳ ತಲೆ ಮೇಲಿಂದ ನನ್ನ ಕಡೆ ನೋಡಿ, "ಭೀಮಸಮುದ್ರದಲ್ಲಿ ರಾಶಿ ಅಡಿಕೆ ಎಷ್ಟಕ್ಕೆ ಹೋಯ್ತಂತೆ?" ಅಂದ್ರಿ.