ಜಗ್ಗಬ್ಯಾಡ್ರಿ, ಬಿಚ್ಚಿ ನೋಡ್ರಿ

ಹೊಳೆಆಲೂರಿನ ಹೊರಗೆ, ಮಲಪ್ರಭೆಯ ದಂಡೆಯ ಎರಿಹೊಲ. ಬದುವಿನ ತುಂಬ ಕರಕಿ, ಜೇಕು, ಕಾಂಗ್ರೆಸ್ ಕಸ. ಬೇವಿನ ಮರದ ಬುಡದಲ್ಲಿ ಹುಲ್ಲು ಕತ್ತರಿಸುವ ಪೆಟ್ರೋಲ್ ಮಷಿನ್ ಒಂದು ಅಂಗಾತ ಬಿದ್ದಿದೆ. ಹಿಡಿಕೆ ಹಿಡಿದು ಜಗ್ಗಿದರೆ ಹಗ್ಗ ಎರಡು ಬೆರಳು ಹೊರಬಂದು ಗಕ್ಕನೆ ನಿಲ್ಲುತ್ತದೆ. ಬಿಟ್ಟರೆ ಒಳಗೆ ಹೋಗುತ್ತದೆ. ಮನೆ ಮಂದಿಯೆಲ್ಲ ಸರದಿಯಂತೆ ಜಗ್ಗಿ, ಸೋತು, ಬುತ್ತಿ ಉಣ್ಣಲು ಹೋಗಿದ್ದಾರೆ. ಆ ಬಿಡುವಿನಲ್ಲಿ ಹಗ್ಗ ಮಾತಿಗೆ ಸಿಕ್ಕಿತು.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಹಗ್ಗ: ಬಿಗದ ಕುಂತೀನ್ರಿ. ಮೊದಲ ಮಾಲಕ ಜಗ್ಗಿದ, ಆಮ್ಯಾಲೆ ಅವನ ತಮ್ಮ, ಕಡೀಕ ದಾರಿ ಹಿಡದು ಹೊಂಟಿದ್ದ ಬೀಗರು. ಬೀಗರಂತೂ ಮಷಿನ್ ಮ್ಯಾಲೆ ಕಾಲಿಟ್ಟು ಜಗ್ಗಿದ್ರು. ಜಾತ್ರಿ ತೇರು ಅಂತ ತಿಳಕೊಂಡ್ರೋ ಏನೋ!

ಪ್ರಶ್ನೆ: ತೇರನ್ನೂ ಹಗ್ಗ ಹಿಡಿದೇ ಎಳೆಯುತ್ತಾರಲ್ಲ?

ಹಗ್ಗ: ತೇರು ನಿಂತ್ರ ಏನ ಮಾಡ್ತಾರ್ರಿ? ಗಾಲಿ ಕೆಳಗ ಬಗ್ಗಿ ನೋಡ್ತಾರ. ಹಗ್ಗ ಹಿಡಿಯಾವ್ರು ನೂರಾರು ಮಂದಿ, ಗಾಲಿ ಕೆಳಗಿನ ಕಲ್ಲು ತಗಿಯಾಂವ ಒಬ್ಬ. ನನಗ ಆ ಒಬ್ಬನ ಸಿಕ್ಕಿಲ್ಲ.

ಪ್ರಶ್ನೆ: ನಿಮ್ಮ ಮನೆತನದ ಮೂಲ?

ಹಗ್ಗ: ಮೂಲಪುರುಷ ಅಮೆರಿಕದ ಹ್ಯೂಸ್ಟನ್‌ದಾಂವ, ಜಾರ್ಜ್ ಬಲ್ಲಾಸ್. 1971ರಾಗ ಕಾರು ತೊಳಿಯೋ ಜಾಗಾದಾಗ ಗರಗರ ತಿರುಗೋ ಬ್ರಷ್ ನೋಡಿದ, ತಲ್ಯಾಗ ಹೊಳೀತು. ಪಾಪ್‌ಕಾರ್ನ್ ಡಬ್ಬಿಗೆ ತೂತು ಹೊಡದು, ದಾರ ಸಿಗಿಸಿ ತಿರುಗಿಸಿದ, ಮರದ ಬುಡದ ಹುಲ್ಲು ಹಾರಿತು. ಅಂಗಳದ ಹುಲ್ಲಿಗೆ ಹುಟ್ಟಿದ ಮಷಿನ್ ಇಲ್ಲಿ ಕರಕಿ ಮುಂದ ಬಂದು ನಿಂತೈತಿ. ನಾವು ಕತ್ತರಿಸೋದು ಮ್ಯಾಲಿಂದು, ಅದರ ಜೀವ ಇರೋದು ನೆಲದಾಗ. ಎಂಟು ದಿನಕ್ಕ ಮತ್ತ ಚಿಗುರಿ ನಗತೈತಿ.

ಪ್ರಶ್ನೆ: ಈಗ ನೀವು ಬಿಗಿದುಕೊಂಡಿರುವುದೇಕೆ?

ಹಗ್ಗ: ನನ್ನನ್ನ ಕೇಳಿದ್ರ ಹ್ಯಾಂಗ? ಒಳಗ ಏನೋ ಆದದ್ದನ್ನ ಹೊರಗ ಹೇಳೋದಷ್ಟ ನನ್ನ ಕೆಲಸ. ಮೊದಲ ಪ್ಲಗ್ ಕ್ಯಾಪ್ ಕೀಳ್ರಿ, ಪ್ಲಗ್ ಬಿಚ್ಚಿ ಮೆಲ್ಲಕ ಜಗ್ರಿ. ಪಿಚಕ್ ಅಂತ ಪೆಟ್ರೋಲ್ ಹಾರಿ ನಾ ಸಲೀಸ ಬಂದ್ರ, ಸಿಲಿಂಡರ್‌ದಾಗ ಪೆಟ್ರೋಲ್ ತುಂಬಿತ್ತಂತ ಅರ್ಥ. ಹಿಂಗ ಅಂಗಾತ ಒಗದ್ರ ಇನ್ನೇನಾಗತೈತಿ? ಆಗಲೂ ಬರಲಿಲ್ಲಂದ್ರ ನನ್ನ ಮ್ಯಾಲಿನ ಮುಚ್ಚಳದ ಸ್ಕ್ರೂ ತಗೀರಿ. ಹೊರಗ ತಗದ ಮುಚ್ಚಳದಾಗ ನಾ ಸರಾಗ ಓಡಿದ್ರ ತಪ್ಪು ಇಂಜಿನ್ನಿಂದು, ಓಡಲಿಲ್ಲಂದ್ರ ತಪ್ಪು ನಮ್ಮ ಮನ್ಯಾಗಿನ ಸ್ಪ್ರಿಂಗಿಂದು. ಆ ಸ್ಪ್ರಿಂಗ್ ಗಡಿಯಾರದ ಸುರುಳಿ ಇದ್ದಾಂಗ, ಅವಸರ ಮಾಡಿದ್ರ ಹಾವಿನಾಂಗ ಜಿಗಿತೈತಿ. ಕಣ್ಣಿಗೆ ಚಾಳೀಸು ಇರಲಿ.

ಪ್ರಶ್ನೆ: ಇಂಜಿನ್ನೇ ಹಿಡಿದುಕೊಂಡಿದ್ದರೆ?

ಹಗ್ಗ: ಕಾರಣ ಎರಡು. ಒಂದು ರಾಡಿ. 2009ರಾಗ, 2019ರಾಗ ಮಲಪ್ರಭಿ ಉಕ್ಕಿ ದಂಡಿ ಮ್ಯಾಲಿನ ಊರಿಗೆ ನುಗ್ಗಿದ್ದು ನಿಮಗ ಗೊತ್ತು. ನೀರು ಇಳದು ಹೋತು, ರಾಡಿ ಉಳೀತು. ಎರಿ ಮಣ್ಣು ಹಸಿ ಇದ್ದಾಗ ಬೆಣ್ಣಿ, ಒಣಗಿದ್ರ ಇಟ್ಟಂಗಿ. ಫ್ಯಾನಿನ ಸಂದ್ಯಾಗ ಇಟ್ಟಂಗಿ ಕುಂತ್ರ ಬೀಗರು ಜಗ್ಗಿದ್ರೂ ಅಷ್ಟ, ಬೀಗರ ಎತ್ತು ಜಗ್ಗಿದ್ರೂ ಅಷ್ಟ.

ಪ್ರಶ್ನೆ: ಇನ್ನೊಂದು?

ಹಗ್ಗ: ಎಣ್ಣಿ. ನಮ್ಮದು ಎರಡು ಸ್ಟ್ರೋಕಿನ ಇಂಜಿನ್, ಪೆಟ್ರೋಲಿನಾಗ 2ಟಿ ಎಣ್ಣಿ ಬೆರಸಲೇಬೇಕು. 50ಕ್ಕ 1 ಅಂದ್ರ ಲೀಟರಿಗೆ 20 ಮಿಲಿ, 25ಕ್ಕ 1 ಅಂದ್ರ 40. ಯಾವುದಕ್ಕ ಎಷ್ಟಂತ ಮಷಿನ್ ಸಂಗಾಟ ಬಂದ ಪುಸ್ತಕದಾಗ ಐತಿ. ಮಾಲಕ ಅದನ್ನ ಮಿರ್ಚಿ ಭಜಿ ಎಣ್ಣಿ ಹಿಂಡಾಕ ತಗೊಂಡ. ಭಜಿಗೆ ಹಚ್ಚಿದ ಎಣ್ಣಿ ಪಿಸ್ಟನ್ನಿಗೆ ಮುಟ್ಟತೈತೇನ್ರಿ? ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಕೊಂಡ್ರ ಮುಂದಿಂದು ಮೆಕ್ಯಾನಿಕ್ಕಿನ ಪಾಲು.

ಪ್ರಶ್ನೆ: ಜಗ್ಗಾಟವೇನೂ ಈ ಸೀಮೆಗೆ ಹೊಸದಲ್ಲ…

ಹಗ್ಗ: ನರಗುಂದದಾಗ ಕೇಳ್ರಿ. ಮಹದಾಯಿ ಹೊಳಿ ನೀರು ಮಲಪ್ರಭಿಗೆ ಬರಲಿ ಅಂತ 2015ರಾಗ ಧರಣಿ ಕುಂತ್ರು. 2018ರಾಗ ನ್ಯಾಯಮಂಡಳಿ ಕರ್ನಾಟಕಕ್ಕ 13.42 ಟಿಎಂಸಿ ಅಂತು. 2020ರಾಗ ಆ ತೀರ್ಪು ಗೆಜೆಟ್ ಆತು. 2022ರಾಗ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಹೂಂ ಅಂತು. ಒಂದೊಂದು ಸಲನೂ ಎರಡೆರಡು ಬೆರಳು ಹೊರಗ ಬಂದು ಗಕ್ಕನ ನಿಂತಿತು. ಚುನಾವಣಿ ಬಂತಂದ್ರ ಮಾತ್ರ ಹಿಡಿಕಿ ಹಿಡದು ಫೋಟೋಕ್ಕ ನಿಲ್ಲಾವ್ರಿಗೆ ಬರ ಇಲ್ಲ. ಸ್ಕ್ರೂ ಬಿಚ್ಚಾವ್ರ ಫೋಟೋ ಯಾರು ತಗೀತಾರ?

ಪ್ರಶ್ನೆ: ರಿಪೇರಿ ಆದ ಮೇಲೆ ಜನ ನಿಮ್ಮನ್ನು ಹೇಗೆ ಎಳೆಯಬೇಕು?

ಹಗ್ಗ: ಮೊದಲ ಮೆಲ್ಲಕ, ಬಿಗಿ ಹತ್ತೋತನಕ. ಅಲ್ಲಿಂದ ಒಂದ ಝಟಕಾ. ತುದಿ ಮುಟ್ಟೋತನಕ ಎಳಿಬ್ಯಾಡ್ರಿ, ಎಳದಾದಮ್ಯಾಲೆ ಫಟ್ಟಂತ ಬಿಡಬ್ಯಾಡ್ರಿ, ಕೈ ಹಿಡದು ಒಳಗ ಕಳಸ್ರಿ. ಮಗಳನ್ನ ಗಂಡನ ಮನಿಗೆ ಕಳಿಸಿದಾಂಗ.

ಪ್ರಶ್ನೆ: ಓದುಗರಿಗೆ ಕೊನೆಯ ಮಾತು?

ಹಗ್ಗ: ಬರದುಕೊಂಡ್ರೆಲ್ಲ? ಹಂಗಾರ ನೀವು ಇನ್ನ ಹೊಂಡ್ರಿ. ನನ್ನ ಕಡೆ ಹಂಗ್ಯಾಕ ನೋಡಾಕತ್ತೀರಿ?

ಸಂದರ್ಶನ ಅಲ್ಲಿಗೆ ಮುಗಿಯಿತು. ಪೆನ್ನು ಕಿಸೆಗೆ ಹಾಕಿ ಎದ್ದೆ. ಸುತ್ತ ಯಾರೂ ಇರಲಿಲ್ಲ. ಇವರ ಕೈಯಲ್ಲಾಗದ್ದು ನನ್ನ ಕೈಯಲ್ಲಾದರೂ ಆದೀತೆಂದು ಹಿಡಿಕೆ ಹಿಡಿದು ಒಂದೇ ಒಂದು ಸಲ ಜಗ್ಗಿದೆ.

ಹಿಡಿಕೆ ಕೈಗೆ ಬಂತು. ಗಂಟು ಹರಿದ ಹಗ್ಗ ಸರ್ರನೆ ಮುಚ್ಚಳದೊಳಗೆ ಹೋಗಿ ಸೇರಿಕೊಂಡಿತು. ಇನ್ನು ಜಗ್ಗಬೇಕೆಂದರೂ ಹಿಡಿಯಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಊಟ ಮುಗಿಸಿ ಬಂದ ಮಾಲಕರು ನನ್ನ ಕೈಯಲ್ಲಿದ್ದ ಹಿಡಿಕೆ ನೋಡಿ, ನನ್ನ ಜೊತೆ ಒಂದೂ ಮಾತಾಡದೆ, ತಮ್ಮನ ಕಡೆ ತಿರುಗಿ ಹೇಳಿದರು: “ಸ್ಕ್ರೂಡ್ರೈವರ್ ತಗೊಂಬಾರೋ.”