ಮಾಲೀಕರೇ, ಪಾಳಿ ಬಂತೇನು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಸಕ್ಕರೆ ಕಾರ್ಖಾನೆ ಮಾಲೀಕರಿಗೆ ನಮಸ್ಕಾರ.

ಹಿಂದೆ ತಿರುಗಿ ನೋಡಬೇಡಿ, ನಿಮ್ಮನ್ನೇ ಕರೆದದ್ದು. ಟ್ರಂಕಿನ ತಳದಲ್ಲಿ, ಅಪ್ಪನ ಕಾಲದ ಉತಾರದ ಕೆಳಗೆ ಮಡಚಿಟ್ಟ ಸಹಕಾರಿ ಷೇರಿನ ಕಾಗದ ನಿಮ್ಮದೇ ತಾನೆ? ಹಾಗಾದರೆ ಧಣಿ ನೀವೇ.

ಇಂಥ ಧಣಿಗಳು ಡಿಸೆಂಬರ್ ಚಳಿಯಲ್ಲಿ ಕಟಾವಿನ ಪಾಳಿಗಾಗಿ ಫೀಲ್ಡ್‌ಮನ್ ಮನೆಯ ಮುಂದೆ ಕೈಕಟ್ಟಿ ನಿಂತದ್ದನ್ನು ನೋಡಿದೆ. ಬೀಡ್ ಜಿಲ್ಲೆಯಿಂದ ಬಂದ ಕಟಾವಿನ ಟೋಳಿಗೆ ‘ಖುಷಿ’ಯ ರೊಕ್ಕ ಕೊಟ್ಟಿರಿ, ಟ್ರ್ಯಾಕ್ಟರ್ ಡ್ರೈವರನಿಗೆ ‘ಎಂಟ್ರಿ’ಯ ರೊಕ್ಕ ಕೊಟ್ಟಿರಿ. ಗಾಡಿ ಕಾಟಾ ಏರುವಷ್ಟರಲ್ಲಿ ಕಬ್ಬು ಒಣಗಿ ನಿಮ್ಮ ಜೇಬಿನಷ್ಟೇ ಹಗುರಾಗಿತ್ತು. ಸ್ವಂತ ಮನೆಯ ಬಾಗಿಲು ದಾಟಲು ಇಷ್ಟು ಕೈಬಿಸಿ ಮಾಡಿದ ಮಾಲೀಕರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ವಾರ್ಷಿಕ ಸಭೆಯಲ್ಲಿ ಮಾತ್ರ ನಿಮ್ಮ ಗತ್ತೇ ಗತ್ತು. ವಿಷಯ ಒಂದು ಓದಿ ಮುಗಿಸುವ ಮೊದಲೇ ‘ಮಂಜೂರ್!’ ವಿಷಯ ಎರಡು, ಮಂಜೂರ್. ಒಂದು ಸಭೆಯಲ್ಲಿ (ಯಾವ ಕಾರ್ಖಾನೆ ಅಂತ ಕೇಳಬೇಡಿ) ಅಜ್ಜನೊಬ್ಬ ಎದ್ದು, ‘ಸಾಲ ಎಷ್ಟೈತ್ರೀ?’ ಅಂದೇಬಿಟ್ಟ. ತಕ್ಷಣ ಮೈಕು ಕೆಟ್ಟಿತು. ಅಷ್ಟರಲ್ಲಿ ಶಿರಾ ಬಡಿಸುವ ಹುಡುಗರು ಬಂದದ್ದರಿಂದ ರಿಪೇರಿಯ ಅಗತ್ಯ ಬೀಳಲಿಲ್ಲ.

2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನ ರಸ್ತೆಯ ಮೇಲೆ ರಾತ್ರಿಗಳನ್ನು ಕಳೆದಿರಿ. ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ 3,300ಕ್ಕೆ ಎದ್ದಿರಿ. ಅದರಲ್ಲಿ 50 ರೂಪಾಯಿ ಸರಕಾರದ್ದು, 3,250 ಕಾರ್ಖಾನೆಯದ್ದು. ಖಾಸಗಿಯವರ ಗೇಟಿಗೆ ಧಿಕ್ಕಾರ ಕೂಗಿದರೆ ಅದಕ್ಕೊಂದು ಅರ್ಥವುಂಟು. ಸಹಕಾರಿ ಗೇಟಿನಲ್ಲಿ ಕೂಗಿದ್ದು ಯಾರಿಗೆ? ಕೇಳುವವರೂ ನೀವೇ, ಕೊಡಬೇಕಾದವರೂ ನೀವೇ.

‘ನಮಗ್ಯಾಕ ಉಸಾಬರಿ, ಲೀಸಿಗೆ ಕೊಟ್ರಾತು’ ಅನ್ನುವವರು ಚಹಾದಂಗಡಿಯಲ್ಲಿ ಸಿಗುತ್ತಾರೆ. ರಾಯಬಾಗದ ಸಹಕಾರಿ ಕಾರ್ಖಾನೆ ರೇಣುಕಾ ಶುಗರ್ಸಿಗೆ ಲೀಸಿಗೆ ಹೋಯಿತು. ಷೇರಿನ ಕಾಗದ ಟ್ರಂಕಿನಲ್ಲೇ ಉಳಿಯಿತು, ಚಿಮಣಿಯ ಹೊಗೆ ಮಾತ್ರ ಮತ್ತೊಬ್ಬರದಾಯಿತು.

ಆ ಉಸಾಬರಿಯನ್ನೇ ಹೊತ್ತು ಪಕ್ಕದ ಹುಕ್ಕೇರಿಯವರು 1969ರಿಂದ ತಮ್ಮದೇ ಸಹಕಾರಿ ಸಂಘದಿಂದ ಕರೆಂಟು ಹಂಚಿಕೊಳ್ಳುತ್ತಿದ್ದಾರೆ. ದೀಪ ಆರಿದರೆ ಬೈಯಲು ಬೆಂಗಳೂರಿನವರೆಗೆ ಹೋಗಬೇಕಿಲ್ಲ. ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಕಾರ್ಖಾನೆಗಳಿಗೆ ದೇವರ ಹೆಸರು, ನದಿಯ ಹೆಸರು ಇಟ್ಟಿದ್ದೂ ಅವು ಎಲ್ಲರವು ಎಂದೇ. ಯಾವ ಸಾವ್ಕಾರನ ಹೆಸರೂ ಅಲ್ಲಿಲ್ಲ. ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ನಾಡು ಇದು. ನೂರೆಕರೆಯವನಿಗೂ ಒಂದೇ ವೋಟು, ಅರ್ಧ ಎಕರೆಯವನಿಗೂ ಒಂದೇ. ಆ ಒಂದರ ಬೆಲೆ ನಿಮಗೆ ಮರೆತಿರಬಹುದು, ಧುರೀಣರಿಗೆ ಮರೆತಿಲ್ಲ. ಇಲ್ಲದಿದ್ದರೆ ಐದು ವರ್ಷಕ್ಕೊಮ್ಮೆ ನಿಮ್ಮ ಹಿತ್ತಲಿಗೆ ಜೀಪು ಯಾಕೆ ಬರುತ್ತಿತ್ತು?

ಬರುವ ಸಭೆಗೆ ಕನ್ನಡಕ ತನ್ನಿ. ಸಾಲದ ಲೆಕ್ಕ ವರದಿಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿರುತ್ತದೆ. ಮೈಕು ನಾನು ಬಾಡಿಗೆಗೆ ಹೇಳಿದ್ದೇನೆ, ಬ್ಯಾಟರಿಯದು. ಅಜ್ಜನಿಗೂ ತಿಳಿಸಿದ್ದೇನೆ.

ಇಂತಿ,
ಒಂದು ಷೇರಿನ ಸಹಮಾಲೀಕ

ತಾ.ಕ.: ಶಿರಾ ತಿಂದೇ ಬರೋಣ. ಸಕ್ಕರೆ ನಮ್ಮದೇ.